ಅನ್ನ, ಮುದ್ದೆ ಮತ್ತು ದುಡಿಮೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಆಹಾರ ಚರಿತ್ರೆಯನ್ನು ಕುರಿತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಸಕ್ಕರೆ ಕಾಯಿಲೆಯನ್ನು ಕುರಿತು ಎರಡು ಮಾತುಗಳು ಕೇಳಿಬರುತ್ತವೆ. ಇದು ಉಂಡು ಕುಳಿತವರ, ಉಳ್ಳವರ ಕಾಯಿಲೆ ಎಂಬುದು ಒಂದು. ಹಿರಿಯರು ರಾಗಿ ಜೋಳ ಉಂಡು ಗಟ್ಟಿಮುಟ್ಟಾಗಿದ್ದರು, ನಾವು ಅಕ್ಕಿಗೆ ಮನಸೋತು ಕೆಟ್ಟೆವು ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ನಂಬಿದ ಕೂಲಿಕಾರನು ತನಗೆ ಈ ಕಾಯಿಲೆ ಬರಲಾರದೆಂದು ಭಾವಿಸಿ, ಕಾಲಿನ ಹುಣ್ಣು ಮಾಯದೆ ಹೋದಾಗ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾನೆ. ಎರಡನೆಯದನ್ನು ನಂಬಿದವನು ಮುದ್ದೆಗೆ ಮರಳಿದರೆ ಸಾಕೆಂದು ಗುಳಿಗೆಯನ್ನು ಕೈಬಿಡುತ್ತಾನೆ. ನಮ್ಮ ಬಂಧುವರ್ಗದಲ್ಲಿಯೇ ಈ ಎರಡೂ ಬಗೆಯವರನ್ನು ನಾವು ಕಂಡಿದ್ದೇವೆ. ಈ ಎರಡೂ ಮಾತುಗಳು ವಾಸ್ತವವಾಗಿ ಚರಿತ್ರೆಯನ್ನು ಕುರಿತ ಹೇಳಿಕೆಗಳು. ಆದುದರಿಂದ ಇವನ್ನು ಪರೀಕ್ಷಿಸುವ ಹೊಣೆ ವೈದ್ಯರದು ಮಾತ್ರವಲ್ಲ, ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮದೂ ಆಗಿದೆ.

ಕಾಯಿಲೆಯ ವ್ಯಾಪ್ತಿಯ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವೂ 35.5 ಮಂದಿಗೆ ಅಧಿಕ ರಕ್ತದೊತ್ತಡವೂ ಇದ್ದುವು. ಮಧುಮೇಹದ ಹೊಸ್ತಿಲಿನಲ್ಲಿ ನಿಂತವರು ಇನ್ನೂ 15.3 ಮಂದಿ. ಹೊಸ್ತಿಲಿನಲ್ಲಿ ನಿಂತವರ ಪ್ರಮಾಣದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಹೆಚ್ಚಿನ ಅಂತರವಿಲ್ಲವೆಂಬುದು ಆ ಸಮೀಕ್ಷೆಯಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆದ ಅಂಶ.

ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಆರಿಸಿಕೊಂಡುದಕ್ಕೆ ಕಾರಣವಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಆಡಳಿತದಲ್ಲಿ ಒಂದಾದರೂ ನೀರಿನ ದೃಷ್ಟಿಯಿಂದ ಇವು ಒಂದಲ್ಲ. ಚನ್ನಗಿರಿಗೆ ಸೂಳೆಕೆರೆಯಂತಹ ಪ್ರಾಚೀನ ಜಲಾಶಯವುಂಟು. ಅದರ ಸಿದ್ಧನ ತೂಬು, ಬಸವನ ತೂಬುಗಳ ಕೆಳಗೆ ಭತ್ತ ಬೆಳೆದುದು ನಾಲೆ ಬರುವುದಕ್ಕೆ ಬಹು ಹಿಂದಿನ ಮಾತು. ಹೊನ್ನಾಳಿಗೆ ತುಂಗಭದ್ರೆಯ ದಡವುಂಟು. ನ್ಯಾಮತಿಯಲ್ಲಿ ನೀರಾವರಿಯೂ ಮಳೆಯಾಶ್ರಯವೂ ಬೆರೆತಿವೆ. ಜಗಳೂರು ಮಾತ್ರ ಮುಗಿಲು ನೋಡಿ ಬದುಕಿದ ಸೀಮೆ. ರೊಟ್ಟಿಯ ನಾಡೂ ಮುದ್ದೆಯ ನಾಡೂ ಕೂಡುವುದು ಈ ಭಾಗದಲ್ಲಿಯೇ. ಅಕ್ಕಿಯೇ ಕಾಯಿಲೆಗೆ ಮೂಲವಾಗಿದ್ದರೆ ಗದ್ದೆಯ ಸೀಮೆ ಕೆಟ್ಟು, ಹೊಲದ ಸೀಮೆ ಉಳಿಯಬೇಕಾಗಿತ್ತು.

ಹಳೆಯ ಊಟವನ್ನು ಕುರಿತು ಸರ್ಕಾರಿ ಕಡತಗಳಲ್ಲಿ ದೊರೆಯುವುದು ಅತ್ಯಲ್ಪ. ಕಂದಾಯದ ಲೆಕ್ಕ ಭೂಮಿಯನ್ನು ಕಂಡಿತೇ ಹೊರತು ತಟ್ಟೆಯನ್ನು ಕಾಣಲಿಲ್ಲ. ಆದರೆ ಧಾನ್ಯಗಳ ಅಂತಸ್ತು ಜನರ ಮನಸ್ಸಿನಲ್ಲಿ ಹೇಗಿತ್ತೆಂಬುದಕ್ಕೆ ಕನಕದಾಸರ ರಾಮಧಾನ್ಯ ಚರಿತ್ರೆಗಿಂತ ಉತ್ತಮವಾದ ಸಾಕ್ಷ್ಯ ಬೇಕಿಲ್ಲ. ಭತ್ತಕ್ಕೂ ರಾಗಿಗೂ ಶ್ರೇಷ್ಠತೆಯ ವಿವಾದ ಹುಟ್ಟಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಕೆಟ್ಟು ರಾಗಿ ಉಳಿಯಿತೆಂಬುದು ಆ ಕಥೆಯ ತಿರುಳು. ಇಲ್ಲಿ ರಾಗಿ ಗೆದ್ದುದು ಆರೋಗ್ಯದ ಬಲದಿಂದಲ್ಲ, ಬಾಳಿಕೆಯ ಬಲದಿಂದ ಎಂಬುದನ್ನು ವಾಚಕರು ಗಮನಿಸಬೇಕು. ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯವೆಂಬುದೇ ಬರದ ನಾಡಿನಲ್ಲಿ ಅದರ ಹಿರಿಮೆ. ಆ ಹಗೇವುಗಳೂ ಬರಿದಾದ ಕಾಲವುಂಟು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876-78ರ ಕ್ಷಾಮದ ತರುವಾಯ, 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹಿರಿಯರ ಊಟವನ್ನು ಹೊಗಳುವವರು ಈ ಎರಡು ಅಂಕಿಗಳ ನಡುವಿನ ಅಂತರವನ್ನು ಮರೆಯಬಾರದು.

ಇನ್ನು ದೇಹಶ್ರಮದ ವಿಷಯ. ನಮ್ಮ ಗ್ರಂಥಗಳಲ್ಲಿ ವ್ಯಾಯಾಮವೆಂಬುದು ಅರಸರ ಮತ್ತು ಮಲ್ಲರ ಸೊತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದದಲ್ಲಿ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂಬ ಸಾಧನೆಗಳೂ ಜಟ್ಟಿಗಳಿಗೆ ಕೊಡಬೇಕಾದ ಪುಷ್ಟಿಕರವಾದ ಆಹಾರವೂ ಹೇಳಲ್ಪಟ್ಟಿವೆ. ದಾವಣಗೆರೆ ಸೀಮೆಯ ಗರಡಿಮನೆಗಳು ಈ ಪರಂಪರೆಗೆ ಸೇರಿದುವೇ. ಆದರೆ ಸಾಮಾನ್ಯ ರೈತನ ಮನೆಯಲ್ಲಿ ವ್ಯಾಯಾಮಕ್ಕೆ ಪ್ರತ್ಯೇಕವಾದ ಹೆಸರಿರಲಿಲ್ಲ. ಬೆಳಗಿನ ಜಾವಕ್ಕೆ ಮುಂಚೆ ಬೀಸುವ ಕಲ್ಲು ತಿರುಗಬೇಕು, ಒರಳಿನಲ್ಲಿ ಒನಕೆ ಬೀಳಬೇಕು, ನೀರು ಹೊರಬೇಕು, ಹೊಲಕ್ಕೂ ಸಂತೆಗೂ ನಡೆಯಬೇಕು. ಬೀಸುವ ಪದಗಳನ್ನು ಸಂಗ್ರಹಿಸಿದ ನಮ್ಮ ಜಾನಪದ ವಿದ್ವಾಂಸರು ಅವುಗಳ ಸೊಗಸನ್ನು ವಿವರಿಸಿದ್ದಾರೆ. ಆ ಹಾಡುಗಳು ಅಷ್ಟು ಉದ್ದವಾಗಿರುವುದು ಹಿಟ್ಟು ಅಷ್ಟು ಹೊತ್ತು ಬೀಸಬೇಕಾಗಿದ್ದುದರಿಂದ ಎಂಬುದನ್ನೂ ನೆನೆಯಬೇಕು. ಹೆಂಗಸರ ಆ ದಣಿವನ್ನು ಇಂದು ನಾವು ವ್ಯಾಯಾಮವೆಂದು ಕೊಂಡಾಡುವುದು ನ್ಯಾಯವೂ ಅಲ್ಲ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೀಸುವ ಕಲ್ಲಿನ ಮೇಲ್ಗಲ್ಲು ಹಿತ್ತಿಲ ಬಾಗಿಲಿಗೆ ಒತ್ತಾಗಿ ಬಿದ್ದಿದ್ದುದನ್ನು ನಾವು ಕಂಡು ಮನೆಯ ಅಜ್ಜಿಯನ್ನು ವಿಚಾರಿಸಿದಾಗ, ‘ಅದು ಅಲ್ಲೇ ಇರ್ಲಿ ಬಿಡ್ರಿ, ನಮ್ಮ ರಟ್ಟೆ ಮುರದದ್ದು ಸಾಕು’ ಎಂದು ಆಕೆ ನಕ್ಕುಬಿಟ್ಟರು.

ಈ ಲೋಕವನ್ನು ಬದಲಿಸಿದುವು ನಾಲೆ ಮತ್ತು ಗಿರಣಿ. ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟಿನ ಕೆಲಸ 1940ರ ದಶಕದ ಕೊನೆಯಲ್ಲಿ ಆರಂಭವಾಗಿ 1960ರ ದಶಕದಲ್ಲಿ ಪೂರೈಸಿತು. ನಾಲೆಯ ನೀರು ಹರಿದ ಕಡೆಗಳಲ್ಲಿ ರಾಗಿ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಹಬ್ಬಕ್ಕೂ ನೆಂಟರಿಗೂ ಮೀಸಲಾಗಿದ್ದ ಅನ್ನ ದಿನದ ಊಟವಾಯಿತು. ಇದನ್ನು ಜನ ಪತನವೆಂದು ತಿಳಿಯಲಿಲ್ಲ, ಏಳಿಗೆಯೆಂದೇ ತಿಳಿದರು. ಅವರ ತಿಳಿವು ತಪ್ಪೆನ್ನಲಾಗದು. ಆದರೆ ಅದೇ ಕಾಲದಲ್ಲಿ ಒನಕೆಯ ಸ್ಥಾನಕ್ಕೆ ಗಿರಣಿ ಬಂದುದು ಅಷ್ಟೇ ಮುಖ್ಯವಾದ ಸಂಗತಿ. ಮನೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶ ಉಳಿಯುತ್ತಿತ್ತು. ಗಿರಣಿಯಲ್ಲಿ ನಾರೂ ಜೀವಸತ್ತ್ವಗಳೂ ತೌಡಿನೊಡನೆ ದನದ ಕೊಟ್ಟಿಗೆಗೆ ಹೋಗಿ, ಬೆಳ್ಳನೆಯ ಅಕ್ಕಿ ಅಡಿಗೆಮನೆಗೆ ಬಂದಿತು. 1934ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಯಲ್ಲಿ ಕುಟ್ಟಿದ ಅಕ್ಕಿಯ ಪರವಾಗಿ ವಾದಿಸಿದ್ದಿತು. 1958ರ ಅಕ್ಕಿ ಗಿರಣಿ ನಿಯಂತ್ರಣ ಕಾಯಿದೆಯೂ ಹೊಸ ಗಿರಣಿಗಳಿಗೆ ಅನುಮತಿ ನೀಡುವಾಗ ಕುಟ್ಟುವವರ ಉದ್ಯೋಗವನ್ನು ಗಣನೆಗೆ ತೆಗೆದುಕೊಂಡಿತ್ತು. ಎರಡೂ ಒನಕೆಯನ್ನು ಉಳಿಸಲಾರದೆ ಹೋದುವು. ಹೀಗೆ ಒಂದೇ ಯಂತ್ರವು ಧಾನ್ಯದಿಂದ ತೌಡನ್ನೂ ದೇಹದಿಂದ ದುಡಿಮೆಯನ್ನೂ ಏಕಕಾಲಕ್ಕೆ ಬೇರ್ಪಡಿಸಿತು. ನಮ್ಮ ವಿಚಾರದ ಕೇಂದ್ರ ಇದೇ ಆಗಿದೆ: ಆಹಾರದ ಚರಿತ್ರೆಯನ್ನೂ ಶ್ರಮದ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಬರೆದರೆ ಎರಡೂ ಅರ್ಥವಾಗುವುದಿಲ್ಲ.

ಆಧುನಿಕ ವೈದ್ಯಶಾಸ್ತ್ರವು ಇವೆರಡರ ಪರಿಣಾಮಗಳನ್ನು ಮೊದಲು ಬೇರೆಯಾಗಿಯೇ ಅಳೆಯಿತು. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ದಿನವೆಲ್ಲ ಕುಳಿತಿರುವ ಬಸ್ಸಿನ ಚಾಲಕರಿಗಿಂತ, ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಾಗಿತ್ತು. ಅಕ್ಕಿಯ ವಿಷಯದಲ್ಲಿ, 21 ದೇಶಗಳ 1,32,373 ಜನರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವು ಬಿಳಿಯ ಅಕ್ಕಿಯ ಅನ್ನವನ್ನು ಅತಿಯಾಗಿ ಉಣ್ಣುವುದಕ್ಕೂ ಮಧುಮೇಹಕ್ಕೂ ಸಂಬಂಧವನ್ನು ಕಂಡಿತು. ಆ ಸಂಬಂಧ ದಕ್ಷಿಣ ಏಷ್ಯದಲ್ಲಿಯೇ ಹೆಚ್ಚು ಬಲವಾಗಿತ್ತು. ಎರಡನ್ನೂ ಒಟ್ಟಿಗೆ ತಿದ್ದಿದರೆ ಏನಾಗುವುದೆಂಬುದಕ್ಕೆ ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ ಉತ್ತರ ಕೊಡುತ್ತದೆ: ಮಧುಮೇಹದ ಹೊಸ್ತಿಲಿನಲ್ಲಿದ್ದವರು ಊಟವನ್ನು ಸರಿಪಡಿಸಿಕೊಂಡು ನಡಿಗೆಯನ್ನು ರೂಢಿಸಿಕೊಂಡಾಗ ಕಾಯಿಲೆಯ ಸಂಭವ ನೂರಕ್ಕೆ 28.5ರಷ್ಟು ತಗ್ಗಿತು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಎಳೆದುಕೊಳ್ಳುವುದೇ ಇದರ ಮುಖ್ಯವಾದ ಗುಟ್ಟು. ರಾಗಿಯಲ್ಲಿ ಸುಣ್ಣದ ಅಂಶವೂ ನಾರೂ ಹೆಚ್ಚೆಂಬುದು ನಿಜ. ಆದರೂ ನುಣ್ಣನೆಯ ಹಿಟ್ಟಿನ ಎರಡು ದೊಡ್ಡ ಮುದ್ದೆಗಳನ್ನು ಉಂಡು ಜಗಲಿಯ ಮೇಲೆ ಒರಗಿದವನ ರಕ್ತದಲ್ಲಿಯೂ ಸಕ್ಕರೆ ಏರದೆ ಇರುವುದಿಲ್ಲ.

ಈ ಅರಿವು ನಮ್ಮವರಿಗೆ ಹೊಸದೇನೂ ಅಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಹನ್ನೊಂದನೆಯ ಅಧ್ಯಾಯವು ಪ್ರಮೇಹವನ್ನು ಸಹಜವಾದುದು, ಅಪಥ್ಯದಿಂದ ಬಂದುದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯ ರೋಗಿ ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳುತ್ತದೆ. ಧನಿಕನಾದ ರೋಗಿಗೆ ಸಾವೆಯ ಬಳಗದ ಶ್ಯಾಮಾಕ ಮೊದಲಾದ ಧಾನ್ಯಗಳ ಆಹಾರ. ಬಡವನಾದರೆ ಕೊಡೆ ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಬೇಕು. ಉಳಬೇಕು ಇಲ್ಲವೆ ಬಾವಿ ತೋಡಬೇಕು. ಕೃಶನಾದವನನ್ನು ಮಾತ್ರ ದಣಿಸದೆ ಕಾಪಾಡಬೇಕೆಂದು ಅಲ್ಲಿಯೇ ಎಚ್ಚರಿಕೆಯಿದೆ. ಸುಶ್ರುತನು ಅಕ್ಕಿಯನ್ನು ನಿಷೇಧಿಸಲಿಲ್ಲವೆಂಬುದೂ ಗಮನಾರ್ಹ. ಹಳೆಯ ಅಕ್ಕಿಯೂ ಹಾರಕವೂ ಒಂದೇ ಪಟ್ಟಿಯಲ್ಲಿವೆ.

ಈಗ ಜಗಳೂರಿಗೆ ಬರೋಣ. ಭದ್ರಾ ನಾಲೆ ಈ ತಾಲ್ಲೂಕನ್ನು ಮುಟ್ಟಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಜನ ಬಹುಕಾಲ ಕಾದಿದ್ದಾರೆ. ಆದರೂ ಇಲ್ಲಿಯ ಹೊಲಗಳಲ್ಲಿ ನವಣೆ, ಸಾವೆ, ಹಾರಕಗಳು ವಿರಳವಾಗಿ, ರಾಗಿ ಜೋಳಗಳ ನೆಲವನ್ನು ಮೆಕ್ಕೆಜೋಳ ಬಹುಮಟ್ಟಿಗೆ ಆಕ್ರಮಿಸಿದೆ. ಮೆಕ್ಕೆಜೋಳ ಮನೆಯ ಕಣಜಕ್ಕೆ ಹೋಗುವುದಿಲ್ಲ. ಮಾರುಕಟ್ಟೆಯ ಮೂಲಕ ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಮನೆಗೆ ಬರುವುದು ಪಡಿತರದ ಅಕ್ಕಿ. 2013ರಲ್ಲಿ ಆರಂಭವಾದ ಅನ್ನಭಾಗ್ಯದಿಂದ ಹಸಿವು ಹಿಂಜರಿದುದು ಸಣ್ಣ ಸಾಧನೆಯಲ್ಲ. ಅದನ್ನು ಹೀಗಳೆಯುವವರು ಹಸಿವನ್ನು ಕಂಡವರಲ್ಲ. ಆದರೆ ಹೀಗೆ, ನಾಲೆ ಬಾರದೆಯೇ ನಾಲೆಯ ಸೀಮೆಯ ಊಟ ಜಗಳೂರಿಗೆ ಬಂದಿತು. ಅದರೊಡನೆ ಟ್ರಾಕ್ಟರೂ ಬೈಕೂ ಬಂದುವು. ಅತ್ತ ಚನ್ನಗಿರಿಯಲ್ಲಿ ಗದ್ದೆಗಳು ಅಡಿಕೆಯ ತೋಟಗಳಾಗಿ, ನಾಟಿ ಕೊಯ್ಲುಗಳ ಬಗ್ಗಿದ ಬೆನ್ನಿನ ದುಡಿಮೆಯೂ ಕುಗ್ಗುತ್ತಿದೆ. ನಾಲ್ಕು ತಾಲ್ಲೂಕುಗಳ ನೀರು ಇಂದಿಗೂ ಬೇರೆ ಬೇರೆ. ತಟ್ಟೆಗಳು ಮಾತ್ರ ಒಂದಾಗುತ್ತಿವೆ. ಬೆಳಗಿನ ಹೊತ್ತು ಕಾಲೇಜು ಮೈದಾನಗಳಲ್ಲಿ ‘ವಾಕಿಂಗ್’ ಮಾಡುವವರು ಅಧ್ಯಾಪಕರು, ವರ್ತಕರು, ನೌಕರರು. ಕೂಲಿಯವರು ಅಲ್ಲಿ ಕಾಣುವುದಿಲ್ಲ. ತಮ್ಮ ದುಡಿಮೆ ಹಿಂದಿನಷ್ಟೇ ಇದೆಯೆಂದು ಅವರು ನಂಬಿದ್ದಾರೆ.

ಕೃಶರಾದ ಬಡವರಿಗೂ ಇಂತಹ ಕಾಯಿಲೆಗಳು ಏಕೆ ಬರುತ್ತವೆಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಸುಳಿವು ಮೈಸೂರಿನಲ್ಲಿಯೇ ದೊರೆತಿದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಶಿಶುಗಳ ಜನನತೂಕವನ್ನು ಬರೆದಿಟ್ಟಿತ್ತು. ಆ ದಾಖಲೆಗಳಲ್ಲಿದ್ದ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೂ, ಏಳು ಪೌಂಡು ಮತ್ತು ಅದಕ್ಕಿಂತ ಹೆಚ್ಚು ತೂಗಿದವರಲ್ಲಿ 3 ಮಂದಿಗೂ ಹೃದ್ರೋಗವಿತ್ತು. ಮಧುಮೇಹದ ವಿಷಯದಲ್ಲಿ ಸಂಬಂಧ ಇಷ್ಟು ನೇರವಾಗಿ ಕಾಣಲಿಲ್ಲ. ಉದ್ದ ಕಡಿಮೆಯಾಗಿ, ಉದ್ದಕ್ಕೆ ಮೀರಿ ತುಂಬಿಕೊಂಡು ಹುಟ್ಟಿದವರಲ್ಲಿ ಅದು ಹೆಚ್ಚಾಗಿತ್ತು. ಹೇಗಿದ್ದರೂ ತಾಯಿಯ ಗರ್ಭದ ಚರಿತ್ರೆ ಮಗನ ಐವತ್ತನೆಯ ವರ್ಷದವರೆಗೂ ಹಿಂಬಾಲಿಸಬಲ್ಲದೆಂಬುದು ಇದರಿಂದ ಸ್ಪಷ್ಟ. ಬರಗಾಲದಲ್ಲಿ ಅರೆಹೊಟ್ಟೆಯ ತಾಯಿಗೆ ಹುಟ್ಟಿ, ನಡುವಯಸ್ಸಿನಲ್ಲಿ ಹೊಟ್ಟೆತುಂಬ ಬಿಳಿಯ ಅನ್ನ ಕಂಡ ಜಗಳೂರಿನ ಕೂಲಿಕಾರನನ್ನು ಉಂಡು ಕುಳಿತವನೆಂದು ಯಾರೂ ದೂರಲಾಗದು.

ಈ ದಾಖಲೆಗಳು ಉಳಿದುದು ಆಸ್ಪತ್ರೆಯಲ್ಲಿ ಅವನ್ನು ಯಾರೋ ಎಸೆಯದೆ ಇಟ್ಟುದರಿಂದ. ನಮ್ಮ ತಾಲ್ಲೂಕುಗಳಲ್ಲಿ ಗಿರಣಿಗಳ ಹಳೆಯ ಲೆಕ್ಕದ ಪುಸ್ತಕಗಳು, ಮದುವೆಯ ಖರ್ಚಿನ ಪಟ್ಟಿಗಳು, ಸೂಲಗಿತ್ತಿಯರ ನೆನಪುಗಳು ಇನ್ನೂ ಅಲ್ಲಲ್ಲಿ ದೊರೆಯಬಹುದು. ಇವುಗಳನ್ನು ಬಲ್ಲ ವಿದ್ಯಾರ್ಥಿಗಳೂ ಅಧ್ಯಾಪಕ ಮಿತ್ರರೂ ರದ್ದಿಯ ಅಂಗಡಿಗೆ ಹೋಗುವ ಮುನ್ನ ನಮಗೆ ತಿಳಿಸಬೇಕೆಂದು ಕೋರುತ್ತೇವೆ.