ವಿದೇಶಿ ದಾನಿ ನಿಮ್ಮ ಮಗುವನ್ನು ಓದಿಸಿ, ಮನೆಯವರಿಗೆ ಅಂಗಡಿಯನ್ನೂ ಹಾಕಿಕೊಡುತ್ತಾರೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ವಿದೇಶದ ದಾನಿಯೊಬ್ಬರು ನಿಮ್ಮ ಮಗುವಿನ ಓದಿನ ಖರ್ಚು ನೋಡಿಕೊಳ್ಳುತ್ತಾರೆ, ಮನೆಯವರಿಗೆ ಸ್ವಂತ ಉದ್ಯೋಗಕ್ಕೆ ಹಣ ಕೊಡುತ್ತಾರೆ; ಫೋಟೊ, ಆಧಾರ್, ಪಾಸ್‌ಬುಕ್ ಕಳಿಸಿ, ನೋಂದಣಿ ಶುಲ್ಕ ಕಟ್ಟಿ. ಇಂಥ ಸಂದೇಶ ನಿಮ್ಮ ಗುಂಪಿಗೂ ಬರಬಹುದು. ಕಳಸ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದಿನಗೂಲಿಗೆ ದುಡಿಯುವ ಮನೆಯವರಿಗೆ ಆಸೆ ಹುಟ್ಟುವುದು ಸಹಜ. ಇದರಲ್ಲಿ ನಿಜವೆಷ್ಟು?

ವಿದೇಶಿ ಪ್ರಾಯೋಜನೆ ಎಂಬುದು ಇದೆಯೇ?

ಇದೆ. ಅಮೆರಿಕದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಸಂಸ್ಥೆ ಭಾರತದಲ್ಲಿ ಸುಮಾರು 1.45 ಲಕ್ಷ ಮಕ್ಕಳಿಗೆ ಹೀಗೆ ನೆರವು ಕೊಡುತ್ತಿತ್ತು. ಅದರ ಹಣಕ್ಕೆ ಪೂರ್ವಾನುಮತಿ ಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲಿ ಹೇಳಿತು. 2017ರ ಮಾರ್ಚ್‌ನಲ್ಲಿ ಸಂಸ್ಥೆ ಇಲ್ಲಿನ ಕೆಲಸ ನಿಲ್ಲಿಸಿತು. ಇದೇ ಸಂಸ್ಥೆಯ ಕಾರ್ಯಕ್ರಮವನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ನೆರವು ಪಡೆದ ಮಕ್ಕಳು ಸರಾಸರಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಶಾಲೆಯಲ್ಲಿ ಮುಂದುವರಿದಿದ್ದರು.

ಹಣ ಹೇಗೆ ಬರುತ್ತದೆ?

ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಯಾರದೋ ಫೋನ್‌ಪೇ ನಂಬರಿಗೆ ನೀವು ಶುಲ್ಕ ಕಟ್ಟುವ ಪ್ರಶ್ನೆ ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ಪ್ರಾಯೋಜನೆ ಎಂದರೆ ದತ್ತು ಅಲ್ಲ

ಪ್ರಾಯೋಜನೆಯಲ್ಲಿ ಮಗು ತನ್ನ ಮನೆಯಲ್ಲೇ ಇರುತ್ತದೆ. ಅನಾಥ ಅಥವಾ ತೊರೆಯಲ್ಪಟ್ಟ ಮಗುವನ್ನು ಕಾನೂನಿನ ಕ್ರಮ ಬಿಟ್ಟು ದತ್ತು ಕೊಟ್ಟರೆ ಅಥವಾ ಪಡೆದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಮಗುವನ್ನು ಕರೆದುಕೊಂಡು ಹೋಗುತ್ತೇವೆ ಎಂದು ಯಾರಾದರೂ ಹೇಳಿದರೆ ತಕ್ಷಣ 1098ಕ್ಕೆ ಕರೆ ಮಾಡಿ.

ಮನೆಯವರಿಗೆ ವ್ಯಾಪಾರ ಹಾಕಿಕೊಟ್ಟರೆ ಸಾಕೇ?

ಭಾರತ ಸೇರಿ ಆರು ದೇಶಗಳ ಸುಮಾರು ಹತ್ತು ಸಾವಿರ ಬಡ ಕುಟುಂಬಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಮೇಕೆ, ಹಸು ಅಥವಾ ಸಣ್ಣ ವ್ಯಾಪಾರದ ಸರಕಿನ ಜೊತೆಗೆ ತರಬೇತಿ, ಕೆಲವು ತಿಂಗಳ ಊಟದ ಖರ್ಚು, ಉಳಿತಾಯ, ಮನೆಗೆ ಬಂದು ವಿಚಾರಿಸುವ ವ್ಯವಸ್ಥೆ ಎಲ್ಲ ಇತ್ತು. ಕಾರ್ಯಕ್ರಮ ಮುಗಿದು ಒಂದು ವರ್ಷವಾದರೂ ಒಟ್ಟಾರೆ ಲಾಭ ಉಳಿದಿತ್ತು. ಆದರೆ ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳು ರೋಗ ಬಂದು ಸತ್ತದ್ದರಿಂದ ಅಲ್ಲಿ ಫಲ ಅಷ್ಟಾಗಿ ಸಿಗಲಿಲ್ಲ. ಸರಕು ಕೊಟ್ಟು ಕೈ ತೊಳೆದುಕೊಂಡರೆ ಆಗುವುದಿಲ್ಲ.

ಹತ್ತಿರದಲ್ಲೇ ಇರುವ ನೆರವು

ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸರ್ಕಾರವೇ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜನೆ ಕೊಡುತ್ತದೆ. ತಾಯಿ ವಿಧವೆಯಾಗಿದ್ದರೆ, ಮಗು ಅನಾಥವಾಗಿ ಬಂಧುಗಳ ಮನೆಯಲ್ಲಿದ್ದರೆ, ಪೋಷಕರಿಗೆ ಮಾರಣಾಂತಿಕ ಕಾಯಿಲೆ ಇದ್ದರೆ ಅರ್ಜಿ ಹಾಕಬಹುದು. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಅಂಗನವಾಡಿ ಕಾರ್ಯಕರ್ತೆಯನ್ನು ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ವಿಚಾರಿಸಿ. ಸಣ್ಣ ಉದ್ಯೋಗಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟ ಇದೆ. ಮುದ್ರಾ ಶಿಶು ಯೋಜನೆಯಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಸಿಗುತ್ತದೆ. ಅದು ಸಾಲ, ತೀರಿಸಬೇಕು.

ವಿದೇಶದಲ್ಲಿರುವ ಕನ್ನಡಿಗರಿಗೆ

ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದು, ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಸಂಸ್ಥೆಗೆ ಕೊಡುವ ಹಣ ವಿದೇಶಿ ದೇಣಿಗೆಯೇ. ಕೊಡುವ ಮುನ್ನ ಸಂಸ್ಥೆಯ ಎಫ್‌ಸಿಆರ್‌ಎ ನೋಂದಣಿ ಸಂಖ್ಯೆ ಕೇಳಿ.

ತೀರ್ಮಾನ

ವಿದೇಶಿ ಪ್ರಾಯೋಜನೆ ನಿಜ. ಅದಕ್ಕೆ ನೀವು ಮುಂಗಡ ಶುಲ್ಕ ಕಟ್ಟಬೇಕು ಎಂಬುದು ಮೋಸದ ಗುರುತು. ಈಗಾಗಲೇ ಹಣ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳ ಫೋಟೊ, ಆಧಾರ್ ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಫಾರ್ವರ್ಡ್ ಮಾಡಲೇಬೇಕೆಂದರೆ 4,000 ರೂಪಾಯಿಯ ಸರ್ಕಾರಿ ಪ್ರಾಯೋಜನೆಯ ವಿಷಯ ಮಾಡಿ.