ಮೋದಿಕಾದ ಚಾಕೊಲೇಟು

ಸಿಸಿಲಿ ದ್ವೀಪದ ಆಗ್ನೇಯ ಭಾಗದಲ್ಲಿ, ಇಬ್ಲಿ ಬೆಟ್ಟಗಳ ಸುಣ್ಣಕಲ್ಲಿನ ಕಮರಿಗಳ ನಡುವೆ, ಮೇಲಣ ಪೇಟೆ ಕೆಳಗಣ ಪೇಟೆ ಎಂದು ಎರಡಾಗಿ, ಇಳಿಜಾರಿನುದ್ದಕ್ಕೂ ಮನೆಯ ಮೇಲೊಂದು ಮನೆಯನ್ನು ಏರಿಸಿಕೊಂಡಿರುವ ಮೋದಿಕಾ ಎಂಬ ಪಟ್ಟಣದಲ್ಲಿ ಇಂದಿಗೂ ತಯಾರಾಗುವ ಚಾಕೊಲೇಟು, ಅಂಗಡಿಯ ನುಣುಪಾದ ಚಾಕೊಲೇಟನ್ನಷ್ಟೇ ಬಲ್ಲವರನ್ನು ಮೊದಲ ತುಣುಕಿನಲ್ಲಿಯೇ ಬೆರಗುಗೊಳಿಸತಕ್ಕದ್ದು. ಅದು ಬಾಯಲ್ಲಿಟ್ಟೊಡನೆ ಕರಗಿಹೋಗುವುದಿಲ್ಲ. ಸಕ್ಕರೆಯ ಹರಳು ಹಲ್ಲಿಗೆ ಸಿಕ್ಕಿ ಗರಗರ ಎನ್ನುತ್ತದೆ. ಅದರ ಮೈಗೆ ಹೊಳಪಿಲ್ಲ, ಮಾಸಲು ಬಿಳುಪಿನ ತೆಳುವಾದ ಪೊರೆಯೊಂದು ಕವಿದಿರುತ್ತದೆ. ಮುರಿದರೆ ಮರಳುಗಲ್ಲಿನಂತೆ ತರಿತರಿಯಾಗಿ ಒಡೆಯುತ್ತದೆ. ಇದರ ಮೂಲವೇನೆಂದು ಊರಿನವರನ್ನು ವಿಚಾರಿಸಿದರೆ, ಮೆಕ್ಸಿಕೋ ದೇಶದ ಅಜ್ಟೆಕರು ಕಂಡುಹಿಡಿದ ಪಾಕವನ್ನು ಸ್ಪೇನಿನವರು ತಂದುಕೊಟ್ಟರು, ನಾವು ಅದನ್ನು ಹಾಗೆಯೇ ಕಾಪಾಡಿಕೊಂಡು ಬಂದೆವು, ಎಂಬ ಉತ್ತರ ಬರುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಸತ್ಯ ಇದಕ್ಕಿಂತ ಹೆಚ್ಚು ಸ್ವಾರಸ್ಯವಾದದ್ದು ಎಂದು ನನ್ನ ಭಾವನೆ.

ಅಜ್ಟೆಕರಿಗೆ ಕೊಕ್ಕೋ ಬೀಜವು ನಾಣ್ಯವೂ ಆಗಿತ್ತು, ಅಧೀನ ಪ್ರಾಂತ್ಯಗಳು ಸಲ್ಲಿಸುವ ಕಪ್ಪವೂ ಆಗಿತ್ತು. ಅವರು ಅದನ್ನು ಹುರಿದು, ಮೂರು ಕಾಲಿನ ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ಕದಡಿ, ಮೆಣಸಿನಕಾಯಿ, ವೆನಿಲಾ ಮುಂತಾದವನ್ನು ಬೆರೆಸಿ, ಎತ್ತರದಿಂದ ಸುರಿದು ನೊರೆಯೆಬ್ಬಿಸಿ ಕುಡಿಯುತ್ತಿದ್ದರು. ಸಕ್ಕರೆಯನ್ನು ಅವರು ಕಂಡವರೇ ಅಲ್ಲ. ಹಾಗಿರುವಲ್ಲಿ, ಯಾವ ಸಕ್ಕರೆಯ ಹರಳಿನಿಂದ ಮೋದಿಕಾದ ಚಾಕೊಲೇಟು ಪ್ರಸಿದ್ಧವಾಯಿತೋ ಆ ಹರಳನ್ನು ಅವರ ಲೆಕ್ಕಕ್ಕೆ ಬರೆಯುವುದು ಹೇಗೆ? ಕಬ್ಬಿನ ರಸವನ್ನು ಕುದಿಸಿ ಹರಳುಗಟ್ಟಿಸುವ ವಿದ್ಯೆ ನಮ್ಮ ಭರತಖಂಡದ್ದು. ಅದು ಪಾರಸಿಕರ ಕೈಸೇರಿ, ಅವರಿಂದ ಅರಬರಿಗೆ ದೊರೆತು, ಅರಬರೊಡನೆ ಸಿಸಿಲಿಗೆ ಬಂದದ್ದು ಕೊಲಂಬಸನ ಯಾತ್ರೆಗೆ ಎಷ್ಟೋ ಶತಮಾನಗಳ ಹಿಂದೆ. ದಾಲ್ಚಿನ್ನಿಯೂ ಸಿಂಹಳದಿಂದ ಹೋದದ್ದು. ಅಮೆರಿಕದ ಬೀಜಕ್ಕೆ ಏಷ್ಯದ ಸಕ್ಕರೆಯೂ ಸಾಂಬಾರವೂ ಕೂಡಿದ್ದು ಸ್ಪೇನಿನ ಆಳಿಕೆಯಲ್ಲಿ. ಆದುದರಿಂದ ಅಜ್ಟೆಕರಿಗೆ ನ್ಯಾಯವಾಗಿ ಸಲ್ಲತಕ್ಕದ್ದು ಬೀಜದ ಬಳಕೆ, ವೆನಿಲಾ ಮತ್ತು ಅರೆಯುವ ಕಲ್ಲು, ಇವಿಷ್ಟೇ.

ಸ್ಪೇನಿಗೂ ಈ ಪಟ್ಟಣಕ್ಕೂ ಇದ್ದ ಸಂಬಂಧವಾದರೋ ಬಹಳ ಗಾಢವಾದದ್ದು. 1296ರಲ್ಲಿ ಕ್ಯಾರಮೊಂತೆ ವಂಶಕ್ಕೆ ದತ್ತವಾದ ಮೋದಿಕಾದ ಸಂಸ್ಥಾನ, ಆ ವಂಶದ ಆಂದ್ರೆಯಾ ದ್ರೋಹದ ಆಪಾದನೆಯ ಮೇಲೆ ಶಿರಚ್ಛೇದಕ್ಕೆ ಗುರಿಯಾದ 1392ರಲ್ಲಿ ಕತಲಾನ್ ಸರದಾರ ಬೆರ್ನಾರ್ದೊ ಕಬ್ರೇರನ ವಶವಾಯಿತು. ಮುಂದೆ ವಿವಾಹಸಂಬಂಧದಿಂದ ಕಸ್ತೀಲಿಯದ ನೌಕಾಧಿಪತಿಗಳಾದ ಎನ್ರೀಕೆಸರ ಮನೆತನಕ್ಕೆ ಸೇರಿತು. ರಾಜ್ಯದೊಳಗೊಂದು ರಾಜ್ಯವೆನ್ನುವಷ್ಟು ಸ್ವಾತಂತ್ರ್ಯವಿದ್ದ ಈ ಸಂಸ್ಥಾನದ ಒಡೆಯರು ಸ್ಪೇನಿನಲ್ಲಿಯೇ ವಾಸವಾಗಿದ್ದು ಪಾರುಪತ್ಯಗಾರರ ಮೂಲಕ ಆಡಳಿತ ನಡೆಸುತ್ತಿದ್ದುದರಿಂದ, ಆ ದೇಶದ ನಡೆಯುಡಿಗಳು ಈ ಬೆಟ್ಟದೂರಿಗೆ ಬರಲು ದಾರಿ ಸದಾ ತೆರೆದೇ ಇತ್ತು. 1693ರ ಜನವರಿಯ ಭೂಕಂಪದಲ್ಲಿ ಸುತ್ತಲ ಸೀಮೆಯೆಲ್ಲ ನೆಲಸಮವಾಗಿ, ಮೋದಿಕಾ ಬರೋಕ್ ಶೈಲಿಯಲ್ಲಿ ಮತ್ತೆ ಎದ್ದು ನಿಂತಿತು. ಇಲ್ಲಿ ಚಾಕೊಲೇಟು ಮಾಡುವ ಕಸುಬಿನವರಿದ್ದರೆಂಬುದಕ್ಕೆ ಲಿಖಿತ ಸಾಕ್ಷ್ಯ ದೊರೆಯುವುದು ಈ ಪುನರ್ನಿರ್ಮಾಣದ ಕಾಲದಲ್ಲಿ: ಗ್ರಿಮಾಲ್ದಿ ಮನೆತನದ ಕಾಗದಪತ್ರಗಳಲ್ಲಿ, 1746ರಲ್ಲಿ. ಆ ವೇಳೆಗೆ ಸಿಸಿಲಿಯ ಮೇಲಣ ಸ್ಪೇನಿನ ಪ್ರಭುತ್ವ ಮುಗಿದು ಮೂವತ್ತು ವರ್ಷಗಳು ಕಳೆದಿದ್ದವು. ದೊರೆತನ ಹೋದರೂ ನಾಲಗೆಯ ರುಚಿ ಉಳಿದಿತ್ತು.

ಕೆಲಸದ ಕ್ರಮವನ್ನು ಕೊಂಚ ವಿವರವಾಗಿಯೇ ಹೇಳಬೇಕು. ಪುತ್ತೂರು ಸುಳ್ಯಗಳ ಕಡೆ ಅಡಕೆಯ ತೋಟದಲ್ಲಿ ಕೊಕ್ಕೋ ಕಾಯನ್ನು ಒಡೆದು ಕಂಡವರಿಗೆ, ಬಿಳಿಯ ಲೋಳೆ ತಿರುಳಿನಲ್ಲಿ ಹುದುಗಿರುವ ಬೀಜವನ್ನು ಹುಳಿಸಿ ಒಣಗಿಸುವವರೆಗಿನ ಸಂಗತಿ ಗೊತ್ತೇ ಇದೆ. ಹಾಗೆ ಒಣಗಿ ಹಡಗೇರಿ ಬಂದ ಬೀಜವನ್ನು ಮೋದಿಕಾದ ಕಸುಬುಗಾರ ಹುರಿದು, ಸಿಪ್ಪೆ ತೆಗೆದು, ನಡುವೆ ತುಸು ತಗ್ಗಾಗಿ ಬಾಗಿದ ಜ್ವಾಲಾಮುಖಿಯ ಕರಿಗಲ್ಲಿನ ಮೇಲೆ ಹರವುತ್ತಿದ್ದ. ಕಲ್ಲಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕೈಯಲ್ಲಿ ಉರುಳುಗಲ್ಲು. ಬಿಸುಪಿಗೆ ಬೀಜದೊಳಗಿನ ಕೊಬ್ಬು ಬಿಟ್ಟುಕೊಂಡು ಅರೆದ ಹಿಟ್ಟು ತಾನಾಗಿಯೇ ಕಪ್ಪು ಮುದ್ದೆಯಾಗುವುದು. ಅದಕ್ಕೆ ಸಕ್ಕರೆಯನ್ನೂ ದಾಲ್ಚಿನ್ನಿಯನ್ನೋ ವೆನಿಲಾವನ್ನೋ ಸೇರಿಸಿ ಕಲಸಿ, ತಗಡಿನ ಅಚ್ಚುಗಳಿಗೆ ತುಂಬಿ, ಒಳಗಿನ ಗಾಳಿ ಹೋಗಿ ಮೇಲ್ಮೈ ಸಮನಾಗುವಂತೆ ಅಚ್ಚನ್ನು ಮೇಜಿಗೆ ಕುಟ್ಟಿ ಕುಟ್ಟಿ ಆರಲು ಬಿಡುವರು. ಹೊರಗಿನಿಂದ ಕೊಬ್ಬು ಸೇರಿಸುವುದಿಲ್ಲ, ಹಾಲು ಸೇರಿಸುವುದಿಲ್ಲ. ಶಾಖವು ಸುಮಾರು 40 ಡಿಗ್ರಿಯನ್ನು ಮೀರದಿರುವುದರಿಂದಲೇ ಸಕ್ಕರೆ ಹರಳಾಗಿ ಉಳಿಯುತ್ತದೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ನೀರಿನಂಶವಿಲ್ಲದ ಈ ಮುದ್ದೆಯಲ್ಲಿ ಸಕ್ಕರೆಗೆ ಕರಗುವ ಅವಕಾಶವೇ ಇಲ್ಲ. ಕಾರ್ಖಾನೆಗಳ ಉಕ್ಕಿನ ಉರುಳೆಗಳು ಅದನ್ನು ನಾಲಗೆಗೆ ತಿಳಿಯದಷ್ಟು ನುಣ್ಣಗೆ ಪುಡಿಮಾಡುತ್ತವೆ, ಇಲ್ಲಿ ಆ ಸಂಸ್ಕಾರ ನಡೆಯುವುದಿಲ್ಲ. ವ್ಯತ್ಯಾಸದ ಮುಖ್ಯ ಕಾರಣ ಇದು.

ಈ ಕಸುಬುಗಾರನಿಗೆ ಮೊದಲು ಅಂಗಡಿಯೇ ಇರಲಿಲ್ಲವೆಂದು ಹೇಳುತ್ತಾರೆ. ಸಿರಿವಂತರ ಮನೆಗಳಿಗೆ ಕರೆ ಬಂದಾಗ ಕಲ್ಲನ್ನು ಹೊತ್ತುಕೊಂಡು ಹೋಗಿ, ಅವರ ಅಡುಗೆಮನೆಯಲ್ಲಿಯೇ ಕುಳಿತು, ಅವರು ಕೊಟ್ಟ ಬೀಜ ಸಕ್ಕರೆಗಳನ್ನು ಅರೆದುಕೊಟ್ಟು ಬರುತ್ತಿದ್ದನಂತೆ. ಹಾಗೆ ಮಾಡಿಸಿದ್ದು ಬಹುಮಟ್ಟಿಗೆ ತಿನ್ನಲಿಕ್ಕಲ್ಲ, ಬಿಸಿನೀರಿನಲ್ಲಿ ಕದಡಿ ಕುಡಿಯಲಿಕ್ಕೆ. ಕುಡಿಯುವ ಚಾಕೊಲೇಟು ಉಪವಾಸವನ್ನು ಕೆಡಿಸುವುದೇ ಇಲ್ಲವೇ ಎಂಬುದು ಆ ಕಾಲದ ಕಥೋಲಿಕ ಪಂಡಿತರಲ್ಲಿ ಘನವಾದ ವಿವಾದವಾಗಿ, ಕಡೆಗೆ 1664ರಲ್ಲಿ ಕಾರ್ಡಿನಲ್ ಬ್ರಾಂಕಾಚ್ಚೊ ಎಂಬಾತ ಪಾನೀಯದಿಂದ ವ್ರತಭಂಗವಿಲ್ಲವೆಂದು ಲ್ಯಾಟಿನ್ನಿನಲ್ಲಿ ಗ್ರಂಥವನ್ನೇ ರಚಿಸಿದ. ಫಲಾಹಾರದ ಪಟ್ಟಿಯನ್ನು ಹಿಗ್ಗಿಸಬಲ್ಲ ಜಾಣ್ಮೆ ನಮ್ಮವರ ಏಕಸ್ವಾಮ್ಯವೇನೂ ಅಲ್ಲವಷ್ಟೆ! ಮೋದಿಕಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆಂದು ತೋರುತ್ತದೆ: ಗೋಮಾಂಸದ ಖೀಮಾವನ್ನು ಬಾದಾಮಿ, ಚಾಕೊಲೇಟುಗಳೊಡನೆ ಬೆರೆಸಿ ಕಡುಬಿನಾಕಾರದ ಹಿಟ್ಟಿನೊಳಗೆ ಮುಚ್ಚಿ ಬೇಯಿಸುವ ಮ್ಪನತಿಗ್ಗಿ ಎಂಬ ಸಿಹಿಯೊಂದು ಅಲ್ಲುಂಟು, ಉಪವಾಸದ ದಿನಗಳಲ್ಲಿ ಬಳಲುವ ಧರ್ಮೋಪದೇಶಕರ ಮೇಲಿನ ಕನಿಕರದಿಂದ ಸನ್ಯಾಸಿನಿಯರು ಅದನ್ನು ಸೃಷ್ಟಿಸಿದರೆಂದು ಪ್ರತೀತಿ.

ಇಂಥ ಕಲ್ಲರೆತ ಒಂದು ಕಾಲಕ್ಕೆ ಐರೋಪ್ಯರ ಸರ್ವಸಾಧಾರಣ ಪದ್ಧತಿಯಾಗಿತ್ತೇ ಹೊರತು ಮೋದಿಕಾದ ಗುಟ್ಟಾಗಿರಲಿಲ್ಲ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ನರ ಯಂತ್ರ ಬೀಜದಿಂದ ಕೊಬ್ಬನ್ನು ಹಿಂಡಿ ಬೇರ್ಪಡಿಸಿತು. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ಆ ಕೊಬ್ಬನ್ನೇ ಮರಳಿ ಬೆರೆಸಿ ತಿನ್ನುವ ಅಚ್ಚನ್ನು ತಯಾರಿಸಿತು. 1879ರಲ್ಲಿ ಬರ್ನ್ ನಗರದ ಲಿಂಟ್ ಗಂಟೆಗಟ್ಟಲೆ ನಾದಿ ನಯಗೊಳಿಸುವ ಉಪಾಯವನ್ನು ಕಂಡುಕೊಂಡ. ಕಲ್ಲು ಮೂಲೆಗೆ ಸೇರಿತು. ಹೀಗಿರಲು, ಚಾಕೊಲೇಟು ಮೋದಿಕಾಕ್ಕೆ ಹೇಗೆ ಬಂದಿತೆಂಬುದಕ್ಕಿಂತ, ಬಹುತೇಕ ಎಲ್ಲೆಡೆಯಿಂದ ಹೊರಟುಹೋದ ಪದ್ಧತಿ ಅಲ್ಲಿಂದ ಏಕೆ ಹೋಗಲಿಲ್ಲವೆಂಬುದೇ ಇತಿಹಾಸಕಾರನು ಕೇಳಬೇಕಾದ ಪ್ರಶ್ನೆ. ಕೈಗಾರಿಕೆ ಬೆಳೆದ ಉತ್ತರದ ನಾಡುಗಳಿಂದ ಬಹು ದೂರವಾದ ಬೇಸಾಯದ ಸೀಮೆಯದು. ದುಬಾರಿ ಯಂತ್ರವನ್ನು ತರಿಸಲು ಬಂಡವಾಳವಿಲ್ಲ, ತರಿಸಿದರೂ ಅದಕ್ಕೆ ತಕ್ಕಷ್ಟು ಗಿರಾಕಿಗಳಿಲ್ಲ. ಹಬ್ಬಕ್ಕೂ ಬಾಣಂತಿಗೂ ರೋಗಿಗೂ ಮೀಸಲಾದ ಪದಾರ್ಥವನ್ನು ಹೊಸ ರುಚಿಗೆ ಒಗ್ಗಿಸುವ ಆತುರ ಯಾರಿಗೂ ಇದ್ದಂತೆ ಕಾಣುವುದಿಲ್ಲ. ಬಡತನವೇ ಇಲ್ಲಿ ಸಂರಕ್ಷಕನಾಯಿತೆಂದು ನಾನು ತಿಳಿಯುತ್ತೇನೆ.

1880ರಲ್ಲಿ ಸ್ಥಾಪಿತವಾದ ಬೊನಾಯುತೊ ಮನೆತನದ ಅಂಗಡಿ ಇಂದಿಗೂ ನಡೆಯುತ್ತಿದೆ. ಸಿಸಿಲಿಯ ಲೇಖಕ ಲಿಯೊನಾರ್ದೊ ಶಾಶಾ ಈ ಚಾಕೊಲೇಟಿನಲ್ಲಿ ಸ್ಪೇನಿನ ಅಲಿಕಾಂತೆಯ ಚಾಕೊಲೇಟಿನ ಸಾದೃಶ್ಯವನ್ನು ಕಂಡದ್ದು ಅರ್ಥವತ್ತಾಗಿದೆ. ಏಕೆಂದರೆ ಆ ಪ್ರಾಂತ್ಯದಲ್ಲಿಯೂ ಕಲ್ಲಿನ ಚಾಕೊಲೇಟು ಹೀಗೆಯೇ ಉಳಿದುಕೊಂಡಿದೆ, ಇವೆರಡೂ ಒಂದೇ ಕುಲದವು. ಆತ ಬರೆದಾಗ ವೆನಿಲಾ, ದಾಲ್ಚಿನ್ನಿ ಎಂಬ ಎರಡು ಬಗೆಗಳಷ್ಟೇ ಲೆಕ್ಕಕ್ಕೆ ಇದ್ದುವು. ಈಗ ಕಿತ್ತಳೆ, ಪಿಸ್ತಾ, ಸಮುದ್ರದ ಉಪ್ಪು ಎಲ್ಲವೂ ಸೇರುತ್ತಿವೆ, ಕೆಂಡದ ಜಾಗಕ್ಕೆ ಶಾಖವನ್ನು ಅಳೆದು ಬೆರೆಸುವ ಯಂತ್ರಗಳು ಬಂದಿವೆ. 2018ರ ಅಕ್ಟೋಬರಿನಲ್ಲಿ ಐರೋಪ್ಯ ಒಕ್ಕೂಟ ಮೋದಿಕಾದ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯನ್ನು ನೀಡಿತು. ಚಾಕೊಲೇಟೊಂದಕ್ಕೆ ಅಂಥ ಮನ್ನಣೆ ದೊರೆತದ್ದು ಅದೇ ಮೊದಲು. ಕೊಕ್ಕೋ ಸಿಸಿಲಿಯಲ್ಲಿ ಬೆಳೆಯುವುದಿಲ್ಲ, ಕಬ್ಬಿನ ಗದ್ದೆಗಳು ಎಂದೋ ಹೋದವು. ಕಾನೂನು ರಕ್ಷಿಸಿರುವುದು ತಯಾರಿಸುವ ಕ್ರಮವನ್ನು, ಮತ್ತು ಆ ಕ್ರಮ ನಡೆಯಬೇಕಾದ ಊರನ್ನು.