ಶೋಧಕ ಬಾಗಿಲಿಗೆ ಬಂದಾಗ

ಪತ್ರಿಕೆಯವರ ಕೈಗೆ ಸಿಕ್ಕರೆ ‘ಶೋಧ’ ಎಂದರೆ ದಾಳಿ. ಕೋಳಿ ಕೂಗುವ ಹೊತ್ತಿಗೆ ಯಾರದೋ ಮನೆ ಬಾಗಿಲು ಬಡಿದು, ಬೀರು ತೆಗೆಸಿ, ಹಾಸಿಗೆ ಮಗುಚಿ, ಸಂಜೆಗೆ ಚಿನ್ನದ ತೂಕ ಹೇಳುವ ಕೆಲಸ ಅದು. ವಿಶ್ವವಿದ್ಯಾಲಯಕ್ಕೆ ಹೋದರೆ ಅದಕ್ಕೊಂದು ‘ಸಂ’ ಅಂಟಿಕೊಂಡು ಪಿಎಚ್‌ಡಿ ಆಗುತ್ತದೆ. ಆಡಿಟರ್ ಬಳಿ ಲೆಕ್ಕಪರಿಶೋಧನೆ. ಆಯುರ್ವೇದ ವೈದ್ಯರಿಗೆ ವಾಂತಿ, ಭೇದಿ ಮಾಡಿಸಿ ಒಳಗಿನ ದೋಷವನ್ನು ಹೊರಹಾಕುವುದೇ ಶೋಧನ. ಇಷ್ಟು ಮನೆ ತಿರುಗುವ ಈ ಪದ ಚರ್ಚಿನ ಹೊಸ್ತಿಲು ದಾಟಿದೊಡನೆ ದನಿ ತಗ್ಗಿಸುತ್ತದೆ. ಕನ್ನಡ ಕ್ರೈಸ್ತರ ಬಾಯಲ್ಲಿ ಶೋಧನೆ ಎಂದರೆ ತಪ್ಪಿನ ಕಡೆಗೆ ಎಳೆಯುವ ಒಳಸೆಳೆತ.

ನಾನು ಹಿಂದೆ ಇದ್ದ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಕುಡಿತ ಬಿಟ್ಟು ಕೆಲವು ವರ್ಷಗಳಾಗಿದ್ದವು. ಸಂಜೆ ಹಾಲು ತರಲು ಹೋಗುವ ದಾರಿಯಲ್ಲೇ ಬಾರು. ಅದರ ಮುಂದೆ ಬಂದಾಗ ಅವರ ಹೆಜ್ಜೆ ಬಿರುಸಾಗುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಹಾಲಿನ ಕ್ಯಾನು ಎಡಗೈಯಿಂದ ಬಲಗೈಗೆ ಹೋಗುತ್ತಿತ್ತು. ಒಂದು ದಿನ ಜತೆಗಿದ್ದ ನಾನು ಕೇಳಿಯೇಬಿಟ್ಟೆ. ‘ಶೋಧನೆ ಬಂತು ಕಣ್ರೀ’ ಅಂದರು, ಮಳೆ ಬಂತು ಅನ್ನುವಷ್ಟು ಸಲೀಸಾಗಿ. ‘ಕರ್ತನ ಪ್ರಾರ್ಥನೆ ಎರಡು ಸಲ ಹೇಳೋದರೊಳಗೆ ಬಾರು ದಾಟಿರುತ್ತೆ.’

‘ಆಸೆ ಆಯಿತು’ ಎನ್ನಬಹುದಿತ್ತು, ‘ಚಪಲ’ ಎನ್ನಬಹುದಿತ್ತು. ಆಸೆ ನನ್ನಲ್ಲಿ ಹುಟ್ಟುವಂಥದ್ದು, ಚಪಲ ನನ್ನ ನಾಲಿಗೆಯದು. ಶೋಧನೆಯಾದರೋ ‘ಬರುತ್ತದೆ’. ಬಂದದ್ದು ಹೋಗಲೂ ಬೇಕಲ್ಲ! ಆ ಒಂದು ಕ್ರಿಯಾಪದದಲ್ಲೇ ಅರ್ಧ ಸಮಾಧಾನವಿದೆ.

ಮೂಲದ ಗ್ರೀಕಿನಲ್ಲಿ ಇದು ‘ಪೆಯಿರಾಸ್ಮೊಸ್’. ಪರೀಕ್ಷೆ, ಪ್ರಲೋಭನೆ ಎರಡಕ್ಕೂ ಒಂದೇ ಮಾತು. ಕನ್ನಡಕ್ಕೆ ತರುವಾಗ ‘ಆಮಿಷ’ ಎನ್ನಬಹುದಿತ್ತು. ಆದರೆ ಆಮಿಷವೆಂದರೆ ಮಾಂಸ, ಗಾಳಕ್ಕೆ ಚುಚ್ಚುವ ತುಂಡು. ಅದು ಗಾಳದ ತುದಿಯನ್ನಷ್ಟೇ ತೋರಿಸುತ್ತದೆ. ಶೋಧನೆ ಮೀನಿನ ಹೊಟ್ಟೆಯೊಳಗೂ ಇಣುಕುತ್ತದೆ. ಅದರ ಧಾತು ‘ಶುಧ್’, ಶುದ್ಧಿಯ ಒಡಹುಟ್ಟು. ಪುಟಕ್ಕಿಟ್ಟ ಚಿನ್ನದ ನೆನಪು ಅದರೊಳಗೇ ಇದೆ. ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ, ನಲವತ್ತು ದಿನ ಉಪವಾಸವಿದ್ದ ಯೇಸುವಿನ ಬಳಿಗೆ ಬರುವ ಸೈತಾನನಿಗೆ ಕನ್ನಡ ಬೈಬಲಿನಲ್ಲಿ ಸಿಕ್ಕ ಹೆಸರು ‘ಶೋಧಕ’. ಹೊಸದನ್ನು ಹುಡುಕುವ ವಿದ್ವಾಂಸರನ್ನು ನಾವು ಇವತ್ತು ಅದೇ ಹೆಸರಿನಿಂದ ಹೊಗಳುತ್ತೇವೆ.

ಈ ಎರಡು ಅರ್ಥದ ತೊಡಕು ನಮ್ಮೊಬ್ಬರದಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಶೋಧನೆಗೆ ಒಯ್ಯಬೇಡ ಎಂದು ದೇವರನ್ನು ಬೇಡಿದರೆ, ಒಯ್ಯುವವನು ಅವನೇ ಎಂದಾಗುವುದಿಲ್ಲವೆ? ಈ ಮುಜುಗರಕ್ಕೆ ಫ್ರಾನ್ಸಿನ ಕ್ಯಾಥೊಲಿಕರು 2017ರ ಡಿಸೆಂಬರಿನಿಂದ ಪ್ರಾರ್ಥನೆಯ ಆ ಸಾಲನ್ನೇ ಬದಲಿಸಿಕೊಂಡರು. ಇಟಲಿಯವರು 2020ರಲ್ಲಿ ಬದಲಿಸಿದರು. ಮೇಷ್ಟ್ರಿಗೆ ಈ ತಕರಾರು ಇರಲಿಲ್ಲ. ಅವರ ಪ್ರಶ್ನೆ ಬಾರಿನ ಮುಂದಿನ ಇಪ್ಪತ್ತು ಹೆಜ್ಜೆಯದು.

ಆ ಇಪ್ಪತ್ತು ಹೆಜ್ಜೆಯನ್ನು ಕೂಲಂಕಷವಾಗಿ ಅಳೆದವರು ನಾಲ್ಕನೇ ಶತಮಾನದ ಈಜಿಪ್ಟಿನ ಮರುಭೂಮಿ ಸನ್ಯಾಸಿಗಳು. ಅವರಲ್ಲಿ ಇವಾಗ್ರಿಯಸ್ ಎಂಬಾತ ಮನಸ್ಸಿಗೆ ನುಗ್ಗುವ ಕೆಟ್ಟ ಯೋಚನೆಗಳನ್ನು ಎಂಟಾಗಿ ಎಣಿಸಿದ. ಹೊಟ್ಟೆಬಾಕತನ, ಕಾಮ, ದುಡ್ಡಿನಾಸೆ, ದುಃಖ, ಸಿಟ್ಟು, ಬೇಸರ, ಒಣಪ್ರತಿಷ್ಠೆ, ಗರ್ವ. ನಡುಮಧ್ಯಾಹ್ನದ ಬೇಸರವನ್ನಂತೂ ಅವನು ಬರೆದಿರುವ ರೀತಿ ಮಜವಾಗಿದೆ. ಹೊತ್ತು ಸರಿಯುವುದೇ ಇಲ್ಲ. ಸನ್ಯಾಸಿ ಕಿಟಕಿಯಾಚೆ ನೋಡುತ್ತಾನೆ, ಊಟಕ್ಕಿನ್ನೆಷ್ಟು ಹೊತ್ತೆಂದು ಸೂರ್ಯನನ್ನು ಅಳೆಯುತ್ತಾನೆ, ಯಾರಾದರೂ ಬಂದಾರೇ ಎಂದು ಕತ್ತು ಚಾಚುತ್ತಾನೆ. ಫೋನು ಕೈಯಲ್ಲಿ ಹಿಡಿದು ಕಚೇರಿಯಲ್ಲಿ ಮೂರು ಗಂಟೆ ದಾಟಿಸುವವರಿಗೆ ಇದನ್ನು ವಿವರಿಸಬೇಕಿಲ್ಲ.

ಇವಾಗ್ರಿಯಸ್ ಹೇಳಿದ ಮದ್ದು ಎದುರುಮಾತು. ಒಂದೊಂದು ಯೋಚನೆಗೂ ಬೈಬಲಿನ ಇಂಥ ವಾಕ್ಯವೆಂದು ಎಂಟು ಭಾಗಗಳ ಪುಸ್ತಕವನ್ನೇ ಜೋಡಿಸಿಟ್ಟ. ಬಂದ ಯೋಚನೆಯನ್ನು ಗುರುತು ಹಿಡಿ, ಉತ್ತರ ಕೊಡು, ಹರಟೆಗೆ ಮಾತ್ರ ಕೂರಿಸಬೇಡ. ಯೇಸು ಮಾಡಿದ್ದೂ ಅಷ್ಟೇ. ಶೋಧಕನ ಮೂರು ಮಾತಿಗೂ ಧರ್ಮೋಪದೇಶಕಾಂಡದ ಒಂದೊಂದು ವಾಕ್ಯ, ಅದರ ಮೇಲೆ ಚರ್ಚೆಯಿಲ್ಲ. ಮುಂದೆ ಕ್ಯಾಸಿಯನ್ ಎಂಬ ಸನ್ಯಾಸಿ ಇದನ್ನು ಇನ್ನೂ ಮೊಟಕು ಮಾಡಿದ. ಎಪ್ಪತ್ತನೇ ಕೀರ್ತನೆಯ ಆರಂಭದಲ್ಲಿ ಸಹಾಯಕ್ಕೆ ಕೂಗುವ ಮೊರೆ ಇದೆಯಲ್ಲ, ಎದ್ದಾಗ, ಉಣ್ಣುವಾಗ, ಮಲಗುವಾಗ ಅದೊಂದೇ ಬಾಯಲ್ಲಿರಲಿ ಎಂದ. ‘ಒಂದು ಪೆಗ್ಗಿಗೇನಾಗುತ್ತೆ’ ಎಂಬ ಮಾತಿಗೆ ವಾದ ಹೂಡಿ ಗೆದ್ದವರು ಕಡಿಮೆ. ಮೇಷ್ಟ್ರು ವಾದಕ್ಕಿಳಿಯುತ್ತಿರಲಿಲ್ಲ, ಬಾಯಿಗೆ ಬೇರೆ ಕೆಲಸ ಕೊಡುತ್ತಿದ್ದರು.

ಹಾಗೆಂದು ಪ್ರಾರ್ಥಿಸಿದೊಡನೆ ಸೆಳೆತ ಕಳಚಿ ಬೀಳುತ್ತದೆಯೆ? ಗೆತ್ಸೆಮನೆ ತೋಟದಲ್ಲಿ ಸೆರೆಯಾಗುವ ರಾತ್ರಿ ಯೇಸು ಶಿಷ್ಯರಿಗೆ ಹೇಳಿದ್ದು ಎರಡೇ: ಎಚ್ಚರವಾಗಿರಿ, ಶೋಧನೆಗೆ ಸಿಲುಕದಂತೆ ಪ್ರಾರ್ಥಿಸಿರಿ. ಅವರು ಮಲಗಿಬಿಟ್ಟರು. ಪ್ರಾರ್ಥಿಸಿದ ಯೇಸುವಿನ ಎದುರಿನಿಂದಲೂ ಕಹಿಪಾತ್ರೆ ಸರಿಯಲಿಲ್ಲ. ಅದನ್ನು ಕುಡಿಯುವ ಬಲ ಬಂತು. ಗೆತ್ಸೆಮನೆ ಎಂದರೆ ಎಣ್ಣೆಗಾಣ. ಕಾಯಿ ಜಜ್ಜಿದ ಮೇಲೇ ಎಣ್ಣೆ.

ಕ್ರೈಸ್ತರ ಪ್ರಾರ್ಥನೆಯಲ್ಲಿ ಇನ್ನೊಂದು ಶೋಧವೂ ನಡೆಯುತ್ತದೆ. 139ನೇ ಕೀರ್ತನೆಯ ಕೊನೆಯಲ್ಲಿ ಭಕ್ತನೇ ಬಾಗಿಲು ತೆರೆದು, ಒಳಗೆ ಬಂದು ಹೃದಯ ಜಾಲಾಡು ಎಂದು ದೇವರನ್ನು ಕರೆಯುತ್ತಾನೆ. ಒಬ್ಬ ಶೋಧಕ ಸಿಕ್ಕಿಹಾಕಿಸಲು ಹುಡುಕುತ್ತಾನೆ, ಇನ್ನೊಬ್ಬ ಗುಣಪಡಿಸಲು. ಬೀರುವಿನ ಕೀಲಿಯನ್ನು ಎರಡನೆಯವನಿಗೆ ಮೊದಲೇ ಒಪ್ಪಿಸಿದ್ದರೆ ಮೊದಲನೆಯವನ ದಾಳಿಗೆ ಅಷ್ಟು ಅಂಜಬೇಕಿಲ್ಲ. ಬಚ್ಚಿಟ್ಟದ್ದೆಲ್ಲ ಆಗಲೇ ಹೊರಗೆ ಬಂದಿರುತ್ತದೆ.

ಆಸೆ ಪೂರ್ತಿ ಹೋಗಿದೆಯೇ ಎಂದು ಮೇಷ್ಟ್ರನ್ನು ಕೇಳಿದ್ದೆ. ‘ಎಲ್ಲಿ ಹೋಗುತ್ತೆ? ಅಲ್ಲೇ ಕೂತಿರುತ್ತೆ’ ಎಂದು ನಕ್ಕರು. ಆಮೇಲೆ ಮೇಷ್ಟ್ರಿಕೆಯ ದನಿಯಲ್ಲಿ ವ್ಯಾಕರಣ ಕೇಳಿದರು: ‘ಕರ್ತನ ಪ್ರಾರ್ಥನೆ ಯಾವ ವಚನದಲ್ಲಿದೆ, ಹೇಳಿ?’ ನನಗೆ ಹೊಳೆಯಲಿಲ್ಲ. ‘ಬಹುವಚನ. ನನ್ನನ್ನು ಅಂತ ಎಲ್ಲೂ ಇಲ್ಲ, ನಮ್ಮನ್ನು. ಬಾರಿನ ಮುಂದೆ ಒಬ್ಬನೇ ಇದ್ದಾಗಲೂ ಹಾಗೇ ಹೇಳಬೇಕು.’

ಹಾಲಿನ ಕ್ಯಾನು ಬಲಗೈಗೆ ಬದಲಾಯಿಸಿಕೊಂಡು ಮುಂದೆ ಹೊರಟರು.